ಗಾಯಗೊಂಡ ಯೋಧರಿಗೆ ಊಟ ಒಯ್ಯುವವರು ಪದೇ ಪದೇ ಕೇಳುವ ಪ್ರಶ್ನೆಗಳು

ಸೈನಿಕ ಆಸ್ಪತ್ರೆ, ಪುನರ್ವಸತಿ ಕೇಂದ್ರ, ಮನೆಗೆ ಮರಳಿದ ಯೋಧರ ಕುಟುಂಬ: ಈ ಮೂರೂ ಕಡೆ ಊಟ ತಲುಪಿಸುವ ಸ್ವಯಂಸೇವಕರಿಗಾಗಿ ಈ ಪುಟ. ಇಲ್ಲಿನ ಉತ್ತರಕ್ಕೂ ರೋಗಿಯನ್ನು ನೋಡಿಕೊಳ್ಳುತ್ತಿರುವ ವೈದ್ಯರ ಅಥವಾ ಆಹಾರ ತಜ್ಞರ ಮಾತಿಗೂ ತಾಳೆಯಾಗದಿದ್ದರೆ ಅವರ ಮಾತೇ ಕೊನೆ.

## ಶುರು ಮಾಡುವ ಮುನ್ನ

ಆಸ್ಪತ್ರೆಯಲ್ಲೇ ಊಟ ಕೊಡ್ತಾರಲ್ಲ, ನಾವ್ಯಾಕೆ ಒಯ್ಯಬೇಕು?

ಕೊಡುತ್ತಾರೆ. ಆದರೆ ಆಸ್ಪತ್ರೆಯ ಅಡುಗೆಮನೆಗೆ ಒಂದು ಹೊತ್ತಿದೆ, ಗಾಯಕ್ಕೆ ಆ ಹೊತ್ತು ಗೊತ್ತಿಲ್ಲ. ಸ್ಫೋಟದಲ್ಲಿ ಗಾಯಗೊಂಡವರನ್ನು ಗಾಯ ತೊಳೆದು ಸತ್ತ ಮಾಂಸ ತೆಗೆಯಲು ಎರಡು ಮೂರು ದಿನಕ್ಕೊಮ್ಮೆ ಆಪರೇಷನ್ ಥಿಯೇಟರಿಗೆ ಒಯ್ಯುವುದು ಸಾಮಾನ್ಯ. ಅರಿವಳಿಕೆಗೆ ಮುನ್ನ ಕನಿಷ್ಠ 6 ಗಂಟೆ ಗಟ್ಟಿ ಆಹಾರ ಕೊಡುವಂತಿಲ್ಲ. ಸರದಿ ಮುಂದೆ ಹೋದರೆ ಆ 6 ಗಂಟೆ 14 ಆಗುತ್ತದೆ. ಅರಿವಳಿಕೆಯ ಮಂಪರು ಇಳಿದು, ವಾಕರಿಕೆ ನಿಂತು, ಹಸಿವು ಎನ್ನುವಷ್ಟರಲ್ಲಿ ರಾತ್ರಿ ಒಂಬತ್ತು. ಅಡುಗೆಮನೆ ಮುಚ್ಚಿರುತ್ತದೆ. ಹೀಗೆ ವಾರಕ್ಕೆ ಎರಡು ಮೂರು ದಿನ ಊಟ ತಪ್ಪುತ್ತಲೇ ಇರುತ್ತದೆ.

ಅದೇ ಹೊತ್ತಿಗೆ ದೇಹ ಕೇಳುವುದು ಮಾತ್ರ ಹೆಚ್ಚು. ಆರೋಗ್ಯವಂತ ವಯಸ್ಕರಿಗೆ ದಿನಕ್ಕೆ ಪ್ರತಿ ಕಿಲೋ ತೂಕಕ್ಕೆ 0.8 ಗ್ರಾಂ ಪ್ರೋಟೀನ್ ಸಾಕು. ಮೈಯ ಹೆಚ್ಚು ಭಾಗ ಸುಟ್ಟವರಿಗೆ 1.5ರಿಂದ 2 ಗ್ರಾಂ ಬೇಕು. 70 ಕಿಲೋ ತೂಕದವರ ಲೆಕ್ಕ 56 ಗ್ರಾಂನಿಂದ 105–140 ಗ್ರಾಂಗೆ ಏರಿತು. ತಪ್ಪಿದ ಊಟವೆಲ್ಲ ಮಾಂಸಖಂಡದಿಂದಲೇ ವಸೂಲಾಗುತ್ತದೆ, ಗಾಯ ಕೂಡುವುದು ತಡವಾಗುತ್ತದೆ.

ಆಹಾರ ಇದ್ದೂ ರೋಗಿಯ ಬಾಯಿಗೆ ಸೇರದಿರುವುದು ಹಳೆಯ ಸಮಸ್ಯೆ. ಕ್ರಿಮಿಯಾ ಯುದ್ಧದ ಕಾಲದಲ್ಲಿ, 1854ರ ನವೆಂಬರಿನಲ್ಲಿ, ಸ್ಕುಟಾರಿಯ (ಇಂದಿನ ಇಸ್ತಾಂಬುಲ್‌ನ ಭಾಗ) ಸೈನಿಕ ಆಸ್ಪತ್ರೆಗೆ ಬಂದ ಫ್ಲಾರೆನ್ಸ್ ನೈಟಿಂಗೇಲ್ ಬೇಗನೆ ಮಾಡಿದ ಕೆಲಸಗಳಲ್ಲಿ ಒಂದು, ಸಾಮಾನ್ಯ ಊಟ ಅರಗದವರಿಗೆ ಬೇರೆ ಅಡುಗೆಮನೆ ತೆರೆದದ್ದು. ಮರುವರ್ಷ ಅಲ್ಲಿಗೆ ಬಂದ ಬಾಣಸಿಗ ಅಲೆಕ್ಸಿ ಸೊಯೆರ್ ಕಂಡದ್ದು, ಮಾಂಸದ ತುಂಡುಗಳನ್ನು ಬಿಗಿಯಾಗಿ ಕಟ್ಟಿ ಒಂದೇ ಹಂಡೆಗೆ ಹಾಕಿ, ಒಳಗೆಲ್ಲ ಹಸಿಯಾಗಿ ಉಳಿಯುವಂತೆ ಬೇಯಿಸುತ್ತಿದ್ದುದನ್ನು. ಪಡಿತರವಿತ್ತು, ತಿನ್ನುವಂತಿರಲಿಲ್ಲ. ನಮ್ಮ ಪಾಲಿನ ಕೆಲಸವೂ ಅಲ್ಲೇ ಇದೆ. ತಿನ್ನುವ ಹೊತ್ತಿಗೆ, ತಿನ್ನಲಾಗುವ ರೂಪದಲ್ಲಿ, ಅವರೇ ಆರಿಸಿಕೊಂಡ ಊಟ ಕೈಗೆ ಸಿಗಬೇಕು. ಯಾವಾಗ ಏಳಬೇಕು, ಯಾರು ಮುಟ್ಟಬೇಕು, ಎಲ್ಲವನ್ನೂ ಬೇರೆಯವರೇ ನಿರ್ಧರಿಸುವ ಜಾಗದಲ್ಲಿ "ಇದು ಬೇಕು, ಅದು ಬೇಡ" ಎನ್ನಲು ಉಳಿದಿರುವುದು ತಟ್ಟೆಯೊಂದೇ.

ಯಾರ ಹತ್ರ ಕೇಳಬೇಕು? ನೇರ ವಾರ್ಡಿಗೆ ಹೋಗಬಹುದಾ?

ನೇರ ಹೋಗಬೇಡಿ. ಮೊದಲು ಆಸ್ಪತ್ರೆಯ ಸ್ವಯಂಸೇವಕರ ಸಂಯೋಜಕರು ಅಥವಾ ಕಲ್ಯಾಣಾಧಿಕಾರಿ, ಆಮೇಲೆ ಆಹಾರ ತಜ್ಞರು, ಕೊನೆಗೆ ಆ ವಾರ್ಡಿನ ಹಿರಿಯ ನರ್ಸ್. ಮೂರನೆಯವರನ್ನು ಬಿಟ್ಟರೆ ಅನುಮತಿ ಇದ್ದೂ ಬಾಗಿಲಲ್ಲಿ ನಿಲ್ಲುತ್ತೀರಿ. ಮೊದಲ ಭೇಟಿಯಲ್ಲಿ ಕೇಳಬೇಕಾದವು: ಡ್ರೆಸ್ಸಿಂಗ್ ಬದಲಿಸುವ ಹೊತ್ತು ಯಾವುದು, ವಾರದಲ್ಲಿ ಯಾವ ಊಟ ಹೆಚ್ಚು ತಪ್ಪುತ್ತದೆ, ಹೊರಗಿನ ಆಹಾರಕ್ಕೆ ನಿಯಮವೇನು, ಫ್ರಿಜ್ ಮತ್ತು ಮೈಕ್ರೋವೇವ್ ಇದೆಯೇ, ಯಾವ ಕೋಣೆಗಳಿಗೆ ಹೋಗುವಂತಿಲ್ಲ.

ಯಾರಿಗೆ ಏನಾಗಿದೆ ಎಂದು ಕೇಳಬೇಡಿ, ಅವರು ಹೇಳುವಂತೆಯೂ ಇಲ್ಲ. "ಮೂರು ಊಟ ಮೆತ್ತಗೆ, ಎರಡಕ್ಕೆ ಉಪ್ಪು ಕಡಿಮೆ, ಒಂದು ದ್ರವ" ಎಂಬ ಚೀಟಿ ನಿಮಗೆ ಸಾಕು.

ಎಷ್ಟು ಜನಕ್ಕೆ ಅಂತ ಮಾಡೋದು? ಪ್ರತಿ ಸಲ ಉಳಿಯುತ್ತೆ, ಇಲ್ಲ ಸಾಲಲ್ಲ.

ತಲೆ ಲೆಕ್ಕವನ್ನು ಎರಡು ಸಲ ತೆಗೆದುಕೊಳ್ಳಿ: ಹಿಂದಿನ ಸಂಜೆ ಒಮ್ಮೆ, ಹೊರಡುವ ಎರಡು ಗಂಟೆ ಮುಂಚೆ ಇನ್ನೊಮ್ಮೆ. ನಡುವೆ ಇಬ್ಬರು ಥಿಯೇಟರಿಗೆ ಹೋಗಿರುತ್ತಾರೆ, ಒಬ್ಬರು ಬಿಡುಗಡೆಯಾಗಿರುತ್ತಾರೆ.

ಎಲ್ಲರಿಗೂ ಒಂದೇ ಅಳತೆ ಇಟ್ಟರೆ ಲೆಕ್ಕ ತಪ್ಪುವುದು ಖಂಡಿತ. ನೋವಿನ ಮಾತ್ರೆ ತೆಗೆದುಕೊಳ್ಳುವವರು ಕಡಿಮೆ ತಿನ್ನುತ್ತಾರೆ. ತುಂಬಿದ ತಟ್ಟೆ ನೋಡಿದರೇ ಅವರಿಗೆ ಸಾಕೆನಿಸುತ್ತದೆ. ಹಗಲಿರುಳು ಪಕ್ಕದಲ್ಲಿ ಕೂತಿರುವ ಮನೆಯವರು ಹಸಿದಿರುತ್ತಾರೆ. ರೋಗಿಗೆ 300 ಗ್ರಾಂ, ಮನೆಯವರಿಗೆ 500 ಗ್ರಾಂ ಇಟ್ಟುಕೊಳ್ಳಿ. 24 ರೋಗಿಗಳು, 16 ಮನೆಯವರು ಎಂದಾದರೆ 7.2 ಕಿಲೋ ಮತ್ತು 8 ಕಿಲೋ, ಹತ್ತರಲ್ಲೊಂದು ಪಾಲು ಹೆಚ್ಚಿಗೆ ಸೇರಿಸಿ ಸುಮಾರು 16.7 ಕಿಲೋ ಬೇಯಿಸಿದ ಆಹಾರ. ರೋಗಿಯ 300 ಗ್ರಾಂನಲ್ಲಿ 25–30 ಗ್ರಾಂ ಪ್ರೋಟೀನ್ ಇರುವಂತೆ ನೋಡಿಕೊಳ್ಳಿ. ಮೊಟ್ಟೆ, ಮಾಂಸ, ಮೀನು, ಬೇಳೆಕಾಳು, ಹಾಲಿನ ಪದಾರ್ಥ, ಯಾವುದಾದರೂ ಸರಿ. ನೀರುನೀರಾದ ಸಾರಿನಿಂದ ಹೊಟ್ಟೆ ತುಂಬುತ್ತದೆ, ಗಾಯಕ್ಕೆ ಏನೂ ಸಿಗುವುದಿಲ್ಲ.

## ಅಡುಗೆ ಮತ್ತು ಸಾಗಣೆ

ಬೆಳಿಗ್ಗೆ ಮಾಡಿದ್ದನ್ನು ಮಧ್ಯಾಹ್ನ ಕೊಟ್ಟರೆ ಏನಾಗುತ್ತೆ? ನಾವು ಮನೇಲಿ ಹಾಗೇ ತಿಂತೀವಿ.

ನಿಮ್ಮ ಮೈ ತಡೆದುಕೊಳ್ಳುವುದನ್ನು ತೆರೆದ ಗಾಯ, ಬಲವಾದ ಆಂಟಿಬಯಾಟಿಕ್, ಸೋತ ಕರುಳು ಇರುವವರ ಮೈ ತಡೆಯುವುದಿಲ್ಲ. 5ರಿಂದ 60 ಡಿಗ್ರಿ ಸೆಲ್ಸಿಯಸ್ ನಡುವೆ ಬ್ಯಾಕ್ಟೀರಿಯಾ ಬೆಳೆಯುತ್ತವೆ. ಬಿಸಿಯಾಗಿ ಕೊಡುವುದು 60ಕ್ಕಿಂತ ಕೆಳಗೆ ಇಳಿಯಬಾರದು, ತಣ್ಣಗೆ ಕೊಡುವುದು 5ಕ್ಕಿಂತ ಮೇಲೆ ಏರಬಾರದು. ಈ ನಡುವಿನ ಬಿಸಿಯಲ್ಲಿ ಎರಡು ಗಂಟೆ ಕಳೆದ ಆಹಾರವನ್ನು ವಾರ್ಡಿಗೆ ಒಯ್ಯಬೇಡಿ, ಎಷ್ಟೇ ಹೊಟ್ಟೆ ಉರಿದರೂ ಚೆಲ್ಲಿ.

ಚೂಪು ಮೊನೆಯ ಅಡುಗೆ ಥರ್ಮಾಮೀಟರ್ ಒಂದನ್ನು ಕೊಳ್ಳಿ. ಪಾತ್ರೆಯ ನಟ್ಟ ನಡುವೆ ಅಳೆಯಿರಿ, ಅಂಚಿನಲ್ಲಲ್ಲ. ಬಿಸಿ ಹಿಡಿದಿಡುವ ಡಬ್ಬಕ್ಕೆ ಮೊದಲು ಕುದಿಯುವ ನೀರು ಹಾಕಿ ಹತ್ತು ನಿಮಿಷ ಮುಚ್ಚಿಡಿ, ಚೆಲ್ಲಿ, ಆಮೇಲೆ ಆಹಾರ ತುಂಬಿ. ತಣ್ಣಗಿನ ಡಬ್ಬಕ್ಕೆ ಸುರಿದರೆ ಡಬ್ಬವೇ ಬಿಸಿಯನ್ನು ಹೀರಿಕೊಳ್ಳುತ್ತದೆ. ಅರ್ಧ ತುಂಬಿದ ಡಬ್ಬ ಬೇಗ ಆರುತ್ತದೆ, ಆದ್ದರಿಂದ ದೊಡ್ಡದೊಂದಕ್ಕಿಂತ ಚಿಕ್ಕವೆರಡು ಮೇಲು. ಹೊರಡುವಾಗ, ತಲುಪಿದಾಗ, ಕೊನೆಯ ತಟ್ಟೆ ಬಡಿಸುವಾಗ, ಹೀಗೆ ಮೂರು ಸಲ ಅಳೆದು ಬರೆದಿಡಿ.

ಹಿಂದಿನ ರಾತ್ರಿಯೇ ಮಾಡಿಟ್ಟುಕೊಂಡರೆ?

ಮಾಡಬಹುದು. ಆದರೆ ಸ್ವಯಂಸೇವಕರ ಅಡುಗೆಯಲ್ಲಿ ಎಡವಟ್ಟಾಗುವುದು ಹೆಚ್ಚಾಗಿ ಇಲ್ಲೇ. ಬೇಯಿಸಿದ ದೊಡ್ಡ ಹಂಡೆಯನ್ನು ಹಾಗೇ ಫ್ರಿಜ್ಜಿಗೆ ತಳ್ಳಿದರೆ ನಡುಭಾಗ ಬೆಳಗಿನ ತನಕ ಬೆಚ್ಚಗೇ ಉಳಿಯುತ್ತದೆ. ಕುದಿಯಲ್ಲೂ ಸಾಯದ ಬ್ಯಾಕ್ಟೀರಿಯಾ ಬೀಜಕಣಗಳು ಆ ಬೆಚ್ಚಗಿನಲ್ಲಿ ಮೊಳೆಯುತ್ತವೆ: ಮಾಂಸ ಮತ್ತು ಗೊಜ್ಜಿನಂಥವುಗಳಲ್ಲಿ ಕ್ಲಾಸ್ಟ್ರಿಡಿಯಂ ಪರ್ಫ್ರಿಂಜೆನ್ಸ್, ಅನ್ನದಲ್ಲಿ ಬ್ಯಾಸಿಲಸ್ ಸೀರಿಯಸ್. ಎರಡನೆಯದು ಅನ್ನದಲ್ಲಿ ಬಿಟ್ಟ ವಿಷ ಮತ್ತೆ ಬಿಸಿ ಮಾಡಿದರೂ ಹೋಗುವುದಿಲ್ಲ.

60ರಿಂದ 21 ಡಿಗ್ರಿಗೆ ಎರಡು ಗಂಟೆಯೊಳಗೆ, ಅಲ್ಲಿಂದ 5ಕ್ಕೆ ಇನ್ನು ನಾಲ್ಕು ಗಂಟೆಯೊಳಗೆ ಇಳಿಸಬೇಕು. ಅಗಲ ತಟ್ಟೆಗಳಲ್ಲಿ 5 ಸೆಂಟಿಮೀಟರಿಗಿಂತ ಆಳವಾಗದಂತೆ ಹರಡಿ, ತಟ್ಟೆಯನ್ನು ಐಸ್ ನೀರಿನಲ್ಲಿ ಇರಿಸಿ, ಆಗಾಗ ಕೈಯಾಡಿಸಿ, ಆವಿ ನಿಂತ ಮೇಲೆ ಮುಚ್ಚಿ. ಮರುದಿನ 75 ಡಿಗ್ರಿ ಮುಟ್ಟುವಂತೆ ಕಾಯಿಸಿ. ಕಾಯಿಸುವುದು ಒಂದೇ ಸಲ, ಉಳಿದದ್ದು ಮತ್ತೆ ಬೇಡ.

ಸ್ವಲ್ಪ ಹೊಟ್ಟೆ ಕೆಟ್ಟಿದೆ. ಮಾಸ್ಕ್, ಕೈಗವಸು ಹಾಕಿಕೊಂಡು ಬರಲಾ?

ಬರಬೇಡಿ. ವಾಂತಿ, ಭೇದಿ ನಿಂತು 48 ಗಂಟೆ ಕಳೆಯುವ ತನಕ ಅಡುಗೆಮನೆಗೂ ಬೇಡ, ವಾರ್ಡಿಗೂ ಬೇಡ. ಜ್ವರ, ಕೆಮ್ಮು, ಕೈಮೇಲೆ ಕೀವಾದ ಗಾಯ ಇದ್ದರೂ ಹಾಗೇ. ಕೈಗೆ ಹಚ್ಚುವ ಆಲ್ಕೋಹಾಲ್ ಜೆಲ್ ವಾಂತಿ ಭೇದಿ ತರುವ ನೊರೊವೈರಸ್ ಮುಂದೆ ಅಷ್ಟಾಗಿ ನಡೆಯುವುದಿಲ್ಲ, ಆಸ್ಪತ್ರೆ ಭೇದಿಗೆ ಕಾರಣವಾಗುವ ಕ್ಲಾಸ್ಟ್ರಿಡಿಯಂ ಡಿಫಿಸಿಲ್ ಬೀಜಕಣಗಳನ್ನಂತೂ ಕೊಲ್ಲುವುದೇ ಇಲ್ಲ. ಸೋಪು, ನೀರು, 20 ಸೆಕೆಂಡು, ಬೆರಳಸಂದು ಬಿಡದೆ. ಪ್ರತ್ಯೇಕ ಕೋಣೆಯ ಬಾಗಿಲಲ್ಲಿ ಎಚ್ಚರಿಕೆ ಫಲಕ ಇದ್ದರೆ ಊಟವನ್ನು ನರ್ಸ್ ಕೈಗೆ ಕೊಟ್ಟು ಬನ್ನಿ.

## ಗಾಯಕ್ಕೆ ತಕ್ಕ ತಟ್ಟೆ

ಒಂದು ಕೈ ಇಲ್ಲ. ನಾವೇ ತಿನ್ನಿಸಬೇಕಾ?

ಅವರು ಕೇಳಿದರೆ ಮಾತ್ರ. ಅದಕ್ಕೂ ಮುಂಚೆ ತಟ್ಟೆಯನ್ನು ಬದಲಿಸಿ. ಒಂದು ಕೈಯಲ್ಲಿ ತಿನ್ನುವವರಿಗೆ ತಟ್ಟೆ ಜಾರುವುದು, ಚಮಚಕ್ಕೆ ತುತ್ತು ಹತ್ತದಿರುವುದು, ಮುಚ್ಚಳ ತೆರೆಯಲಾಗದಿರುವುದು, ಈ ಮೂರೇ ದೊಡ್ಡ ಕಷ್ಟ. ತಟ್ಟೆಯ ಕೆಳಗೆ ಒದ್ದೆ ಮಾಡಿ ಹಿಂಡಿದ ಬಟ್ಟೆ ಅಥವಾ ರಬ್ಬರ್ ಹಾಳೆ, ಎತ್ತರ ಅಂಚಿನ ತಟ್ಟೆ, ತುತ್ತಿನಳತೆಗೆ ಅಡುಗೆಮನೆಯಲ್ಲೇ ಕತ್ತರಿಸಿದ ಹೋಳು. ಬಾಟಲಿಯ ಮುಚ್ಚಳವನ್ನು ಒಂದು ಸಲ ಸಡಿಲಿಸಿ ಮತ್ತೆ ಹಗುರಾಗಿ ಮುಚ್ಚಿಡಿ. ಅವರೆದುರು ಕತ್ತರಿಸಿ ಕೊಡುವುದಕ್ಕಿಂತ ಕತ್ತರಿಸಿಯೇ ತರುವುದರಲ್ಲಿ ಮರ್ಯಾದೆ ಉಳಿಯುತ್ತದೆ.

ಎರಡೂ ಕೈಗೆ ಬ್ಯಾಂಡೇಜ್ ಇದ್ದು ತಿನ್ನಿಸಬೇಕಾಗಿ ಬಂದರೆ, ತರಬೇತಿ ಪಡೆದು, ನರ್ಸ್ ಒಪ್ಪಿದ ಮೇಲೆ. ಅವರ ಕಣ್ಣಿನ ಮಟ್ಟಕ್ಕೆ ಕೂತುಕೊಳ್ಳಿ, ಹಾಸಿಗೆಯ ಮೇಲಲ್ಲ, ಕುರ್ಚಿಯಲ್ಲಿ. ಮುಂದಿನ ತುತ್ತು ಯಾವುದು, ಯಾವಾಗ ಎಂದು ಅವರೇ ಹೇಳಲಿ. ಮುಖ ಸುಟ್ಟು ಚರ್ಮ ಬಿಗಿದವರ ಬಾಯಿ ಪೂರ್ತಿ ತೆರೆಯುವುದಿಲ್ಲ, ಟೀ ಚಮಚವೇ ಬೇಕು.

ಕಣ್ಣು ಕಾಣದವರಿಗೆ ಹೇಗೆ ಬಡಿಸೋದು?

ಗಡಿಯಾರದ ಮುಳ್ಳಿನ ಲೆಕ್ಕದಲ್ಲಿ ಹೇಳಿ: "ಹನ್ನೆರಡರಲ್ಲಿ ತರಕಾರಿ, ಮೂರರಲ್ಲಿ ಮಾಂಸ, ಆರರಲ್ಲಿ ಅನ್ನ, ಲೋಟ ತಟ್ಟೆಯಾಚೆ ಒಂದು ಗಂಟೆಯ ಕಡೆ." ದಿನವೂ ಅದೇ ಜಾಗ. ಬಿಸಿಯಿದ್ದರೆ ಮೊದಲೇ ಹೇಳಿ. ಹೊರಡುವಾಗ "ಹೊರಟೆ" ಎನ್ನಿ, ಖಾಲಿ ಕುರ್ಚಿಯೊಡನೆ ಮಾತಾಡುತ್ತಾ ಉಳಿಯುವಂತೆ ಮಾಡಬೇಡಿ.

ಕಣ್ಣು ಸರಿಯಿದ್ದೂ ತಟ್ಟೆಯ ಅರ್ಧವನ್ನಷ್ಟೇ ತಿಂದು ಬಿಡುವವರಿರುತ್ತಾರೆ. ಮಿದುಳಿಗೆ ಪೆಟ್ಟಾದಾಗ ಒಂದು ಪಕ್ಕದ ನೋಟವೋ ಆ ಪಕ್ಕದ ಗಮನವೋ ಹೋಗಿರಬಹುದು. ಎಡಭಾಗ ಹಾಗೇ ಉಳಿಯುತ್ತಿದ್ದರೆ ಊಟದ ನಡುವೆ ಕೇಳಿ ತಟ್ಟೆ ತಿರುಗಿಸಿ, ನರ್ಸ್‌ಗೂ ತಿಳಿಸಿ.

ತಲೆಗೆ ಪೆಟ್ಟು ಬಿದ್ದವರು ಯಾವುದಕ್ಕೂ ರುಚಿಯೇ ಇಲ್ಲ ಅಂತಾರೆ. ಇನ್ನಷ್ಟು ಉಪ್ಪು ಖಾರ ಹಾಕಲಾ?

ಅಡುಗೆ ಕೆಟ್ಟಿರಲಿಕ್ಕಿಲ್ಲ. ಜೋರು ಪೆಟ್ಟಿಗೆ ಮೂಗಿನ ಮೇಲ್ಭಾಗದ ವಾಸನೆಯ ನರಗಳು ಹರಿದುಹೋಗಬಹುದು. ಸಿಹಿ, ಉಪ್ಪು, ಹುಳಿ, ಕಹಿ ನಾಲಿಗೆಗೆ ತಿಳಿಯುತ್ತದೆ. ಘಮ ಇಲ್ಲದ್ದರಿಂದ ಊಟ ಸಪ್ಪೆ. ಉಪ್ಪು ಸುರಿಯುವ ಬದಲು ಹುಳಿ ಹೆಚ್ಚಿಸಿ, ಗರಿಗರಿಯ ಪಕ್ಕ ಮೆತ್ತಗಿನದು, ಬಿಸಿಯ ಪಕ್ಕ ತಣ್ಣಗಿನದು ಇಡಿ, ಬಣ್ಣ ಬೇರೆ ಬೇರೆ ಇರಲಿ. ಮೂಗು ಹೋದವರಿಗೆ ಹಳಸಿದ್ದೂ ತಿಳಿಯುವುದಿಲ್ಲ, ಗ್ಯಾಸ್ ಸೋರಿದ್ದೂ ತಿಳಿಯುವುದಿಲ್ಲ. ಪ್ರತಿ ಡಬ್ಬದ ಮೇಲೆ ಮಾಡಿದ ದಿನ, "ಈ ಹೊತ್ತಿನೊಳಗೆ ತಿನ್ನಿ" ಎಂಬ ಸಮಯ ದಪ್ಪಕ್ಷರದಲ್ಲಿ ಬರೆಯಿರಿ. ಮನೆಗೆ ಹೋದ ಮೇಲೆ ಇದು ಇನ್ನೂ ಮುಖ್ಯ.

ನುಂಗೋಕೆ ಕಷ್ಟ ಅಂದರು. ತೆಳ್ಳಗೆ ಮಾಡಿ ಕೊಟ್ಟರೆ ಸಾಕಲ್ಲವೇ?

ತೆಳ್ಳಗಿನದೇ ಹೆಚ್ಚು ಅಪಾಯ. ನುಂಗುವ ಸ್ನಾಯು ತಡವಾಗಿ ಕೆಲಸ ಮಾಡುವಾಗ ಶ್ವಾಸನಾಳದ ಬಾಯಿ ಮುಚ್ಚುವ ಮುನ್ನವೇ ನೀರು ಅದರೊಳಗೆ ಜಾರುತ್ತದೆ, ಅದರಿಂದ ನ್ಯುಮೋನಿಯಾ. ಕೆಮ್ಮು ಕೂಡ ಬಾರದೆ ಜಾರಬಹುದು. ಎಷ್ಟು ಮಂದ ಇರಬೇಕೆಂದು ಹೇಳುವವರು ನುಂಗುವಿಕೆಯನ್ನು ಪರೀಕ್ಷಿಸುವ ವಾಕ್ ಚಿಕಿತ್ಸಕರು. ಅಂತರರಾಷ್ಟ್ರೀಯ ಅಳತೆಪಟ್ಟಿಯಲ್ಲಿ 0ರಿಂದ 7ರವರೆಗೆ ಹಂತಗಳಿವೆ: 0 ನೀರು, 4 ನುಣ್ಣಗೆ ರುಬ್ಬಿದ್ದು, 5 ತೇವವಾಗಿ ಕೊಚ್ಚಿದ್ದು, 6 ಮೆತ್ತನೆಯ ಚಿಕ್ಕ ಹೋಳು, 7 ಸಾಮಾನ್ಯ ಊಟ. ದೊಡ್ಡವರಿಗೆ 5ರಲ್ಲಿ ಹೋಳು 4 ಮಿಲಿಮೀಟರ್ ದಾಟಬಾರದು, ಅಂದರೆ ಫೋರ್ಕಿನ ಹಲ್ಲುಗಳ ನಡುವಿನ ಸಂದಿನಷ್ಟು. 6ರಲ್ಲಿ 15 ಮಿಲಿಮೀಟರ್.

ಒಳ್ಳೆಯ ಮನಸ್ಸಿನಿಂದಲೇ ಆಗುವ ತಪ್ಪೆಂದರೆ ಹೋಳು ತೇಲುವ ಸೂಪು. ನೀರೂ ಗಟ್ಟಿಯೂ ಒಟ್ಟಿಗೆ ಬಾಯಿಗೆ ಬಂದು ನಿಭಾಯಿಸಲಾಗುವುದಿಲ್ಲ. ಐಸ್ ಕ್ರೀಂ ಕೂಡ ಬಾಯಲ್ಲಿ ಕರಗಿ ನೀರಾಗುತ್ತದೆ. ಹಂತ ಬರೆದ ಚೀಟಿಯಿಲ್ಲದೆ ಒಂದು ಗುಟುಕು ನೀರನ್ನೂ ಕೊಡಬೇಡಿ, ಅವರೇ ಬೇಡಿದರೂ ಕೂಡ.

ದವಡೆಗೆ ತಂತಿ ಬಿಗಿದಿದ್ದಾರೆ. ಏನು ಕೊಡಬಹುದು?

ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ ದ್ರವವೇ ಊಟ. ರುಬ್ಬಿ, ಜರಡಿಯಲ್ಲಿ ಸೋಸಿ. ನಾರು, ಬೀಜ, ಸಿಪ್ಪೆ ತಂತಿಗೆ ಸಿಕ್ಕಿದರೆ ತೆಗೆಯುವುದು ಕಷ್ಟ. ತೆಳುವಾಗಿಸಲು ನೀರು ಹಾಕಬೇಡಿ, ಹಾಲು ಅಥವಾ ಕಟ್ಟು ಹಾಕಿ. ಇಲ್ಲದಿದ್ದರೆ ಹೊಟ್ಟೆ ತುಂಬಿಯೂ ತೂಕ ಇಳಿಯುತ್ತದೆ. 250 ಮಿಲಿಲೀಟರಿನಂತೆ ದಿನಕ್ಕೆ ಆರು ಸಲ ಎಂಬ ಲೆಕ್ಕಕ್ಕೆ ಚಿಕ್ಕ ಬಾಟಲಿಗಳಲ್ಲಿ ತುಂಬಿ. ನೆಟ್ಟಗೆ ಕೂತೇ ಕುಡಿಯಲಿ. ಹಾಸಿಗೆ ಪಕ್ಕ ತಂತಿ ಕತ್ತರಿಸುವ ಇಕ್ಕಳ ಇರುತ್ತದೆ, ವಾಂತಿಯಾದಾಗ ಜೀವ ಉಳಿಸುವುದು ಅದೇ. ನಿಮ್ಮ ಡಬ್ಬ ಇಡಲು ಅದನ್ನು ಅತ್ತಿತ್ತ ಸರಿಸಬೇಡಿ.

ಹಣ್ಣು, ಹಾಲು, ಸೊಪ್ಪು ಎಲ್ಲರಿಗೂ ಒಳ್ಳೆಯದೇ ಅಲ್ವಾ?

ಎಲ್ಲರಿಗೂ ಅಲ್ಲ. ಅವಶೇಷಗಳಡಿ ಸಿಕ್ಕು ಮಾಂಸಖಂಡ ಜಜ್ಜಿಹೋದವರ ಮೂತ್ರಪಿಂಡ ಸೋತಿರಬಹುದು. ರಕ್ತದಲ್ಲಿ ಪೊಟ್ಯಾಸಿಯಂ ಏರಿದರೆ ಹೃದಯದ ಲಯವೇ ತಪ್ಪುತ್ತದೆ. ಬಾಳೆಹಣ್ಣು, ಕಿತ್ತಳೆ ರಸ, ಟೊಮೆಟೊ, ಆಲೂಗಡ್ಡೆ ಅವರಿಗೆ ವಿಷದಂತೆ. ಸಿಪ್ರೊಫ್ಲಾಕ್ಸಾಸಿನ್ ಎಂಬ ಆಂಟಿಬಯಾಟಿಕ್ ತೆಗೆದುಕೊಳ್ಳುವವರು ಮಾತ್ರೆಯ ಹೊತ್ತಿಗೆ ಹಾಲು, ಮೊಸರು ಸೇವಿಸಿದರೆ ಕ್ಯಾಲ್ಸಿಯಂ ಔಷಧಿಯನ್ನು ಕಟ್ಟಿಹಾಕುತ್ತದೆ. ಲಿನೆಜೊಲಿಡ್ ಎಂಬ ಇನ್ನೊಂದು ಆಂಟಿಬಯಾಟಿಕ್ ತೆಗೆದುಕೊಳ್ಳುವವರು ಹಳೆಯ ಚೀಸ್, ಸೋಯಾ ಸಾಸ್‌ನಂಥ ಹುದುಗಿಸಿದ ಪದಾರ್ಥ ಹೆಚ್ಚು ತಿಂದರೆ ರಕ್ತದೊತ್ತಡ ಜಿಗಿಯಬಹುದು. ರಕ್ತ ಹೆಪ್ಪುಗಟ್ಟದಂತೆ ಕೊಡುವ ವಾರ್ಫರಿನ್ ಇದ್ದವರು ಸೊಪ್ಪು ಬಿಡಬೇಕಿಲ್ಲ, ದಿನಾ ಒಂದೇ ಪ್ರಮಾಣದಲ್ಲಿರಬೇಕು. ನಿಮ್ಮ ಉತ್ಸಾಹದಲ್ಲಿ ಒಂದು ದಿನ ತಟ್ಟೆ ತುಂಬ ಸೊಪ್ಪು ಬಡಿಸಿದರೆ ಔಷಧಿಯ ಲೆಕ್ಕ ತಪ್ಪುತ್ತದೆ.

ಮಾರ್ಫಿನ್ ಜಾತಿಯ ನೋವುನಿವಾರಕಗಳಿಂದ ಮಲಬದ್ಧತೆ ಬಹಳ ಜನರಿಗೆ ಬರುತ್ತದೆ. ನೀರು ಕಡಿಮೆ ಕುಡಿಯುವವರಿಗೆ ನಾರು ತುರುಕಿದರೆ ಅದು ಗಟ್ಟಿಯಾಗಿ ಇನ್ನೂ ಕಷ್ಟ. ನೀರಿಗೆ ನಿರ್ಬಂಧವಿಲ್ಲದಿದ್ದರೆ ಪ್ರತಿ ಊಟದ ಜತೆ ಕುಡಿಯಲು ಏನಾದರೂ ಇರಲಿ.

ಒಂದು ಪೆಗ್ ಕೇಳಿದರು. ಪಾಪ, ಕೊಡಬಾರದಾ?

ಬೇಡ. ನೋವಿನ ಮಾತ್ರೆ, ನಿದ್ದೆ ಮಾತ್ರೆಯ ಜತೆ ಮದ್ಯ ಸೇರಿದರೆ ಉಸಿರಾಟವೇ ನಿಲ್ಲಬಹುದು.

## ಮಾತು, ಮೌನ

ಅವರ ಜತೆ ಏನು ಮಾತಾಡೋದು?

ಊಟದಿಂದ ಶುರು ಮಾಡಿ: "ಇವತ್ತು ಇದು ಇದೆ, ಅದು ಇದೆ. ಯಾವುದು ಬೇಕು?" ಹೆಸರು ಕೇಳಿ, ಮುಂದಿನ ವಾರ ನೆನಪಿಟ್ಟುಕೊಂಡು ಬನ್ನಿ. ಗಾಯ ಹೇಗಾಯಿತು, ಎಷ್ಟು ಜನರನ್ನು ಕೊಂದಿರಿ, ಜತೆಗಿದ್ದವರು ಏನಾದರು ಎಂಬ ಪ್ರಶ್ನೆಗಳು ಬೇಡವೇ ಬೇಡ. "ನಿಮ್ಮ ನೋವು ನನಗರ್ಥವಾಗುತ್ತೆ" ಎನ್ನಬೇಡಿ. ಬದುಕಿ ಬಂದದ್ದೇ ತಪ್ಪೆಂದು ಕೊರಗುವವರಿಗೆ "ನೀವು ವೀರರು" ಎಂಬ ಮಾತು ಕೂಡ ಚುಚ್ಚುತ್ತದೆ.

ಹಿಂದಿನಿಂದ ಬಂದು ಭುಜ ಮುಟ್ಟಬೇಡಿ. ಮಲಗಿದ್ದರೆ ಹಾಸಿಗೆಯ ಕಾಲ ಬಳಿ ನಿಂತು ಹೆಸರು ಹಿಡಿದು ಕರೆಯಿರಿ. ಕೆಳಗೆ ಬಿದ್ದ ಸ್ಟೀಲ್ ತಟ್ಟೆಯ ಸದ್ದು, ಸಿಡಿದ ಬಲೂನು ಅವರನ್ನು ಒಂದೇ ಕ್ಷಣದಲ್ಲಿ ಯುದ್ಧಭೂಮಿಗೆ ಮರಳಿಸಬಹುದು. ಟ್ರಾಲಿಗೆ ಬಟ್ಟೆ ಹಾಸಿ, ಬಲೂನು ಕಟ್ಟಲೇಬೇಡಿ.

ವಾರಗಟ್ಟಲೆ ಏನು ಒಯ್ದರೂ "ಬೇಡ" ಅಂತಾರೆ. ಹೋಗೋದು ನಿಲ್ಲಿಸಲಾ?

ನಿಲ್ಲಿಸಬೇಡಿ, ಒತ್ತಾಯವನ್ನೂ ಮಾಡಬೇಡಿ. "ಸರಿ, ಬುಧವಾರ ಮತ್ತೆ ಬರ್ತೀನಿ" ಎಂದು ಹೇಳಿ, ಬುಧವಾರವೇ ಹೋಗಿ. ಬೇಡ ಎನ್ನುವ ಹಕ್ಕನ್ನು ನೀವು ಗೌರವಿಸುತ್ತೀರೋ ಎಂದು ಕೆಲವರು ಮೊದಲು ನೋಡುತ್ತಾರೆ. ತಿಂದದ್ದು ಕಡಿಮೆಯಾಗುತ್ತಲೇ ಇದ್ದರೆ ಮಾತ್ರ ನರ್ಸ್‌ಗೆ ಹೇಳಿ. ಕಾರಣ ಬಾಯಿ ಹುಣ್ಣು, ಸೋಂಕು, ಖಿನ್ನತೆ, ಯಾವುದೂ ಇರಬಹುದು.

"ಬದುಕೋದೇ ಬೇಡ" ಅಂದರೆ ಏನು ಮಾಡಲಿ?

ಅಲ್ಲೇ ಇರಿ. "ಸಾಯುವ ಯೋಚನೆ ಬರ್ತಿದೆಯಾ?" ಎಂದು ನೇರವಾಗಿ ಕೇಳಿ, ಕೇಳಿದ್ದರಿಂದ ಆ ಯೋಚನೆ ಹುಟ್ಟುವುದಿಲ್ಲ. ವಾದ ಮಾಡಬೇಡಿ, ಬುದ್ಧಿ ಹೇಳಬೇಡಿ. "ಯಾರಿಗೂ ಹೇಳಲ್ಲ" ಎಂದು ಮಾತು ಕೊಡಬೇಡಿ. ಕರೆಗಂಟೆ ಒತ್ತಿ, ನರ್ಸ್ ಬರುವ ತನಕ ಒಬ್ಬರನ್ನೇ ಬಿಡಬೇಡಿ. ಚಾಕು, ಗಾಜು ಇದ್ದರೆ ಊಟದ ತಟ್ಟೆಯ ಜತೆಗೇ ಎತ್ತಿಕೊಳ್ಳಿ. ಹೌಹಾರಬೇಡಿ, ನಿಮ್ಮ ಮುಂದೆ ಆ ಮಾತು ಬಂದಿದೆಯೆಂದರೆ ನಿಮ್ಮ ಮೇಲೆ ನಂಬಿಕೆ ಇದೆ.

ದಾನಿಗಳಿಗೆ ತೋರಿಸೋಕೆ ಫೋಟೊ ತೆಗೆಯಬಹುದಾ?

ಪಾತ್ರೆಗಳ ಫೋಟೊ ತೆಗೆಯಿರಿ. ಮುಖ, ಗಾಯ, ಹಾಸಿಗೆಯ ಚೀಟಿ, ಪಡೆಯ ಗುರುತು ಬೇಡ. ಮಾತ್ರೆಯ ಮಂಪರಿನಲ್ಲಿ ಕೊಟ್ಟ ಒಪ್ಪಿಗೆ ಒಪ್ಪಿಗೆಯಲ್ಲ. ಫೋನಿನ ಫೋಟೊದೊಳಗೆ ತೆಗೆದ ಸ್ಥಳವೂ ದಾಖಲಾಗುತ್ತದೆ. ಯುದ್ಧ ನಡೆಯುತ್ತಿರುವಾಗ ಅದು ಇಡೀ ಆಸ್ಪತ್ರೆಗೆ ಅಪಾಯ.

## ತಿಂಗಳುಗಳ ಕೆಲಸ

ಮನೆಗೆ ಹೋದ ಮೇಲೂ ಊಟ ಬೇಕಾ?

ಆಗಲೇ ಹೆಚ್ಚು ಬೇಕು. ಮೊದಲ ವಾರ ನೆಂಟರು, ಗೆಳೆಯರು ತುಂಬಿರುತ್ತಾರೆ, ಫ್ರಿಜ್ ತುಂಬಿರುತ್ತದೆ. ಮೂರನೆಯ ವಾರದ ಹೊತ್ತಿಗೆ ಎಲ್ಲರೂ ಚದುರಿ, ಮನೆಯಲ್ಲಿ ಒಬ್ಬರೇ ಡ್ರೆಸ್ಸಿಂಗ್, ಔಷಧಿ, ಆಸ್ಪತ್ರೆ ಓಡಾಟ, ಮಕ್ಕಳು ಎಲ್ಲವನ್ನೂ ಹೊತ್ತಿರುತ್ತಾರೆ. ನಿಮ್ಮ ಸರದಿಯನ್ನು ಆ ವಾರದಿಂದ ಶುರು ಮಾಡಿ, ವಾರಕ್ಕೆ ಎರಡು ಮೂರು ದಿನ ಮಾತ್ರ. ಚಿಕಿತ್ಸೆಗೆ ಹೋಗಿಬರುವ ದಿನಗಳನ್ನೇ ಆರಿಸಿ. ಬಾಗಿಲ ಹೊರಗೆ ಐಸ್ ಪೆಟ್ಟಿಗೆ ಇಟ್ಟು ಅದರೊಳಗೆ ಡಬ್ಬ ಹಾಕಿ, ಗಂಟೆ ಒತ್ತದೆ ಸಂದೇಶ ಕಳಿಸಿ. ಎಲ್ಲ ದಿನವೂ ಬಾಗಿಲು ತೆರೆದು ನಗುವ ಶಕ್ತಿ ಅವರಿಗಿರುವುದಿಲ್ಲ. ಡಬ್ಬ ವಾಪಸು ಕೇಳಬೇಡಿ.

ಕೃತಕ ಕಾಲು ಹಾಕಿಕೊಂಡವರ ಮನೆಗೆ ಒಂದು ಎಚ್ಚರಿಕೆ. ತೂಕ ಏರಿಳಿದರೆ ಕತ್ತರಿಸಿ ಉಳಿದ ಕಾಲಿನ ದಪ್ಪ ಬದಲಾಗಿ, ಅದು ಕೂರುವ ಕೃತಕ ಕಾಲಿನ ಬಟ್ಟಲು (ಸಾಕೆಟ್) ಬಿಗಿಯುತ್ತದೆ ಇಲ್ಲವೇ ಸಡಿಲವಾಗುತ್ತದೆ, ಚರ್ಮ ಒಡೆಯುತ್ತದೆ. ಆಸ್ಪತ್ರೆಯಲ್ಲಿ ತೂಕ ಕೂಡಲೆಂದು ಬಡಿಸಿದ ಊಟವನ್ನೇ ಇಲ್ಲಿ ಮುಂದುವರಿಸಬೇಡಿ, ಅಳತೆಯನ್ನು ಅವರ ಆಹಾರ ತಜ್ಞರಿಂದ ಹೊಸದಾಗಿ ಕೇಳಿ.

ಊಟ ಬಿಟ್ಟು ಮನೆಯವರಿಗೆ ಇನ್ನೇನು ಮಾಡಬಹುದು?

"ಏನಾದರೂ ಬೇಕಿದ್ದರೆ ಹೇಳಿ" ಎಂದರೆ ಯಾರೂ ಹೇಳುವುದಿಲ್ಲ. "ಶನಿವಾರ ಬಟ್ಟೆ ಒಗೆದು ತರಲಾ, ಮಕ್ಕಳನ್ನು ಎರಡು ಗಂಟೆ ನೋಡಿಕೊಳ್ಳಲಾ?" ಎಂದು ಎರಡು ನಿಖರ ಕೆಲಸ ಮುಂದಿಡಿ. ಪಿಂಚಣಿ, ಪರಿಹಾರದ ಅರ್ಜಿಗಳ ನಕಲು ಮಾಡಿಸಿ ದಿನಾಂಕವಾರು ಜೋಡಿಸಿಕೊಡುವುದು ದೊಡ್ಡ ಉಪಕಾರ. ದೂರದಿಂದ ಬಂದವರಿಗೆ ಆಸ್ಪತ್ರೆ ಪಕ್ಕದಲ್ಲಿ ಮಲಗಲು ಜಾಗವೂ ಬೇಕು; ಅಮೆರಿಕದಲ್ಲಿ 1990ರಲ್ಲಿ ಶುರುವಾದ ಫಿಶರ್ ಹೌಸ್‌ಗಳು ಸೈನಿಕ ಆಸ್ಪತ್ರೆಗಳ ಬಳಿ ಕುಟುಂಬಗಳಿಗೆ ಬಾಡಿಗೆಯಿಲ್ಲದೆ ಕೋಣೆ, ಅಡುಗೆಮನೆ ಕೊಡುತ್ತವೆ. ಅಂಥ ಅಡುಗೆಮನೆಗೆ ಬೇಯಿಸಿದ ಊಟದಷ್ಟೇ ದಿನಸಿ, ಪಾತ್ರೆ ತೊಳೆಯುವ ಕೈ ಕೂಡ ಉಪಯೋಗಕ್ಕೆ ಬರುತ್ತದೆ.

ನಮ್ಮ ತಂಡ ಎರಡೇ ತಿಂಗಳಲ್ಲಿ ಕರಗಿತು. ಎಲ್ಲಿ ತಪ್ಪಿದ್ವಿ?

ಬಹುಶಃ ವಾರಕ್ಕೆ ಐದು ದಿನ ಎಂದು ಶುರು ಮಾಡಿದಿರಿ. ಹನ್ನೆರಡು ಜನರ ತಂಡಕ್ಕೆ ವಾರಕ್ಕೆ ಒಂದು ದಿನ ಸರಿಯಾದ ಅಳತೆ: ಮೂವರ ನಾಲ್ಕು ಗುಂಪು, ಪ್ರತಿಯೊಬ್ಬರಿಗೂ ನಾಲ್ಕು ವಾರಕ್ಕೊಮ್ಮೆ ಸರದಿ. ಮೂವರಲ್ಲಿ ಒಬ್ಬರು ಬಾರದಿದ್ದರೂ ಕೆಲಸ ನಡೆಯುತ್ತದೆ. ರಾಷ್ಟ್ರೀಯ ದಿನಾಚರಣೆಗಳಂದು ವಾರ್ಡ್ ತುಂಬ ಸಂದರ್ಶಕರಿರುತ್ತಾರೆ, ಆ ದಿನ ನೀವು ಹೋಗದಿದ್ದರೂ ನಡೆಯುತ್ತದೆ. ಅದರ ಮರುವಾರ ಯಾರೂ ಇರುವುದಿಲ್ಲ, ಆಗ ಹೋಗಿ. ಕಂಡ ನೋವನ್ನು ಮನೆಗೆ ಹೊತ್ತು ಹೋಗದಂತೆ, ಪ್ರತಿ ಸರದಿಯ ಕೊನೆಗೆ ಪಾತ್ರೆ ತೊಳೆಯುತ್ತಾ ಹದಿನೈದು ನಿಮಿಷ ಮೂವರೂ ಮಾತಾಡಿಕೊಳ್ಳಿ. ನಿದ್ದೆ ಕೆಟ್ಟವರಿಗೆ ಎರಡು ಸರದಿ ರಜೆ ಕೊಡಿ, ಕಾರಣ ಕೇಳಬೇಡಿ.

ಒಂದು ನೋಟ್‌ಬುಕ್ ಇಡಿ, ಗುಂಪಿನಿಂದ ಗುಂಪಿಗೆ ಅದು ಕೈಬದಲಾಗಲಿ. ಬರೆಯಬೇಕಾದವು: ದಿನಾಂಕ, ಊಟದ ಸಂಖ್ಯೆ, ಮೂರು ಹೊತ್ತಿನ ಬಿಸಿಯ ಅಳತೆ, ಉಳಿದದ್ದು ಎಷ್ಟು, ಮುಂದಿನ ವಾರಕ್ಕೆ ಯಾರಿಗೆ ಏನು ತರುತ್ತೇವೆಂದು ಹೇಳಿದ್ದೀರಿ. ರೋಗಿಯ ಹೆಸರು ಬೇಡ, ಹಾಸಿಗೆಯ ಸಂಖ್ಯೆ ಸಾಕು. ಕೊನೆಯ ಕಾಲಮಿನಲ್ಲಿ ಬರೆದದ್ದನ್ನು ಮುಂದಿನ ಗುಂಪು ಅಡುಗೆಗೆ ಇಳಿಯುವ ಮುನ್ನ ಓದಬೇಕು, ಏಕೆಂದರೆ 7ನೇ ಹಾಸಿಗೆಯವರು ಬುಧವಾರದ ತನಕ ಅದಕ್ಕೇ ಕಾಯುತ್ತಿರುತ್ತಾರೆ.